ಆಳವಿದೆ ಎಂದು ಮಾರಿದ ಆಟ: ಹಣ ಮರುಪಾವತಿಗಾಗಿ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ವಿಡಿಯೊ ಗೇಮಿನ ಹಣ ಹಿಂದಿರುಗಿಸಲು ನಿರಾಕರಿಸಿದ ಬಗ್ಗೆ

ಮಾನ್ಯರೇ,

ನಿಮ್ಮ ಆನ್‌ಲೈನ್ ಅಂಗಡಿಯಲ್ಲಿ ಕಳೆದ ತಿಂಗಳು ಕೊಂಡ ಯುದ್ಧದ ಆಟದ ಹಣ ಹಿಂದಿರುಗಿಸಿ ಎಂದು ಕೇಳಿದ್ದೆ. ನಿಮ್ಮವರ ಉತ್ತರ ಎರಡೇ ಸಾಲಿನದು: ಆಡಿದ ಸಮಯ ಮಿತಿ ಮೀರಿದೆ, ಸೈನ್ಯವನ್ನೇ ಕಡಿದು ಉರುಳಿಸುವ ಆಟಗಳು ಇರುವುದೇ ಹೀಗೆ. ಮೊದಲನೆಯದು ಅನ್ಯಾಯ, ಎರಡನೆಯದು ಸುಳ್ಳು.

ಪ್ರತಿ ಯುದ್ಧವೂ ತಂತ್ರಕ್ಕೆ ಸವಾಲು ಎಂದು ನಿಮ್ಮ ಮಾರಾಟದ ಪುಟ ಸಾರುತ್ತದೆ. ಆಟದೊಳಗೆ ನೂರಾರು ಸೈನಿಕರು ಕತ್ತಿ ಎತ್ತಿಕೊಂಡು ಸುತ್ತ ನಿಲ್ಲುತ್ತಾರೆ. ಹೊಡೆಯಲು ಬರುವವರು ಇಬ್ಬರೋ ಮೂವರೋ. ಉಳಿದವರಿಗೆ ಸಾಯುವುದಷ್ಟೇ ಕೆಲಸ. ನನ್ನ ಅಕ್ಕನ ಮಗ ಒಂದು ಕೈಯಲ್ಲಿ ಹಲಸಿನ ಹಪ್ಪಳ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಒಂದೇ ಬಟನ್ ಒತ್ತುತ್ತಾ ಇಡೀ ಕೋಟೆ ಗೆದ್ದ. ಅವನಿಗೆ ಖುಷಿಯಾಯಿತು, ಅದನ್ನು ಅಲ್ಲಗಳೆಯುವುದಿಲ್ಲ.

ಕಠಿಣ ಮಟ್ಟದಲ್ಲಿ ಆಡಿ ಎಂದು ನೀವು ಹೇಳಬಹುದು. ಆ ಮಟ್ಟ ತೆರೆಯುವುದು ಕಥೆ ಪೂರ್ತಿ ಮುಗಿದ ಮೇಲೆ. ಅಷ್ಟರೊಳಗೆ ನಿಮ್ಮ ಮರುಪಾವತಿಯ ಸಮಯ ಎಂದೋ ಕಳೆದಿರುತ್ತದೆ. ಸವಾಲು ಇದೆಯೋ ಇಲ್ಲವೋ ಎಂದು ನೋಡಬೇಕಾದರೆ ಹಣ ಕೇಳುವ ಹಕ್ಕನ್ನು ಬಿಟ್ಟುಕೊಡಬೇಕು. ಇದು ಯಾವ ಸೀಮೆಯ ವ್ಯಾಪಾರ? ಹಟಕ್ಕೆ ಬಿದ್ದು ಮುಗಿಸಿ, ಆ ಮಟ್ಟವನ್ನೂ ನೋಡಿದೆ. ಸೇನಾಪತಿಗಳು ಸಾಯಲು ಹೆಚ್ಚು ಹೊತ್ತು ಹಿಡಿಯುತ್ತಾರೆ, ಅಷ್ಟೇ. ಅವರ ನಡೆ, ಏಟು, ಬುದ್ಧಿ ಯಾವುದೂ ಬದಲಾಗಿಲ್ಲ.

ಇನ್ನು ‘ಇರುವುದೇ ಹೀಗೆ’ ಎಂಬ ಮಾತು. ಈ ಬಗೆಯ ಆಟಗಳಿಗೆ ದಾರಿ ಹಾಕಿದ್ದು 2000ರಲ್ಲಿ ಪ್ಲೇಸ್ಟೇಷನ್ 2 ಎಂಬ ಗೇಮ್ ಯಂತ್ರಕ್ಕೆ ಬಂದ ‘ಡೈನಾಸ್ಟಿ ವಾರಿಯರ್ಸ್ 2’. ಅಲ್ಲಿಯೂ ಬಡಪಾಯಿ ಸೈನಿಕರು ಹುಲ್ಲಿನಂತೆ ಬೀಳುತ್ತಾರೆ. ಆದರೆ ನೀವು ಕಡಿಯುತ್ತಾ ಮೈಮರೆತಾಗ ರಣರಂಗದ ಇನ್ನೊಂದು ತುದಿಯಲ್ಲಿ ನಿಮ್ಮ ದಂಡನಾಯಕ ಸತ್ತರೆ ಯುದ್ಧವೇ ಸೋಲು. ಯಾವ ದ್ವಾರಕ್ಕೆ ಮೊದಲು ಓಡಬೇಕು, ಯಾರನ್ನು ಉಳಿಸಬೇಕು ಎಂಬುದರಲ್ಲಿ ಅದರ ಆಳವಿದೆ. ಅದರ ಹುಲಾವೊ ದ್ವಾರದ ಯುದ್ಧದಲ್ಲಿ ಲೂ ಬು ಎಂಬ ಮಹಾವೀರ ಎದುರಾದರೆ ಓಡಿಹೋಗುವುದೇ ಜಾಣತನವಾಗಿತ್ತು. 2025ರ ‘ಡೈನಾಸ್ಟಿ ವಾರಿಯರ್ಸ್: ಒರಿಜಿನ್ಸ್’ನಲ್ಲಂತೂ ಏಟು ಬೀಳುವ ಕ್ಷಣವನ್ನೇ ನೋಡಿ ತಡೆಯದಿದ್ದರೆ ದೊಡ್ಡ ಸೇನಾಪತಿಗಳ ಮುಂದೆ ನಿಲ್ಲುವುದು ಕಷ್ಟ.

ನಮ್ಮ ಬಯಲಾಟದಲ್ಲಿ ಅಭಿಮನ್ಯು ಚಕ್ರವ್ಯೂಹ ಹೊಕ್ಕಾಗ ಕೌರವ ಸೇನೆ ರಂಗಕ್ಕೆ ಬರುವುದೇ ಇಲ್ಲ. ದ್ರೋಣ ಬರುತ್ತಾನೆ, ಕರ್ಣ ಬರುತ್ತಾನೆ. ಬೆಳಗಿನ ತನಕ ಜನ ಕೂರುವುದು ಅವರಿಗಾಗಿ. ನಿಮ್ಮ ಆಟದಲ್ಲಿ ಸೇನೆ ಮಾತ್ರ ಇದೆ.

ಕನ್ನಡದಲ್ಲಿ ಸೇವೆ ಇದೆ ಎಂದು ನಿಮ್ಮ ಜಾಲತಾಣ ಹೇಳುತ್ತದೆ. ಫೋನ್ ಮಾಡಿದರೆ ನನ್ನ ಪಿನ್‌ಕೋಡ್ ಕೇರಳದ್ದೆಂದು ತಿಳಿದೊಡನೆ ಮಲಯಾಳ ವಿಭಾಗಕ್ಕೆ ಕರೆ ದಾಟಿಸಿದರು. ನನಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ. ಅಲ್ಲಿಯೂ ಸಿಕ್ಕಿದ್ದು ಅದೇ ಎರಡು ಸಾಲು.

ಪೂರ್ಣ ಹಣ ನನ್ನ ಖಾತೆಗೆ ಹಿಂದಿರುಗಬೇಕು. ಕಠಿಣ ಮಟ್ಟವನ್ನು ಆರಂಭದಿಂದಲೇ ತೆರೆದಿಡುವಂತೆ ಆಟ ತಯಾರಿಸಿದವರಿಗೆ ತಿಳಿಸಿ. ಅದು ಆಗುವ ತನಕ ತಂತ್ರ, ಸವಾಲು ಎಂಬ ಮಾತುಗಳನ್ನು ಮಾರಾಟದ ಪುಟದಿಂದ ತೆಗೆಯಿರಿ. ಖರೀದಿಯ ರಸೀದಿಯನ್ನೂ, ಆ ಪುಟದ ಚಿತ್ರವನ್ನೂ, ನಿಮ್ಮ ಉತ್ತರವನ್ನೂ ಲಗತ್ತಿಸಿದ್ದೇನೆ.

ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕ ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕಾಸರಗೋಡಿನ ಆಯೋಗಕ್ಕೆ ನನಗೆ ಒಂದು ಬಸ್ಸಿನ ದಾರಿ. ನಿಮ್ಮ ಪ್ರತಿನಿಧಿಗೆ ಎಷ್ಟು ದೂರವೋ ನೀವೇ ನೋಡಿಕೊಳ್ಳಿ.

ಇಂತಿ,
ನಿಮ್ಮ ಗ್ರಾಹಕ
ಬದಿಯಡ್ಕ, ಕಾಸರಗೋಡು ಜಿಲ್ಲೆ