ಒಂದೇ ಜಾತ್ರೆಗೆ ಮತ್ತೆ ಮತ್ತೆ ಹೋಗು

ಬಾಗಲಕೋಟೆ

ಪ್ರೀತಿಯ ತಮ್ಮಾ,

ಮಾಮಾನ ಆಶೀರ್ವಾದಗಳು. ಕೆಲಸ ಬಿಟ್ಟಿದ್ದೀಯಂತೆ. ಊರೂರು ತಿರುಗಿ ಫೋಟೋ ತೆಗೆದು, ಬರೆದು ಬದುಕುತ್ತಾನಂತೆ ಅಂತ ನಿನ್ನ ಅವ್ವ ಫೋನಿನಲ್ಲಿ ಒಂದೇ ಸಮನೆ ಅತ್ತಳು. ಬೇಡ ಅನ್ನಲು ಈ ಪತ್ರ ಬರೆಯುತ್ತಿಲ್ಲ. ಸ್ಟುಡಿಯೋ ಇಟ್ಟುಕೊಂಡು, ಪತ್ರಿಕೆಗಳಿಗೂ ಬರೆದುಕೊಂಡು ಸಂಸಾರ ಮಾಡಿದವನು ನಾನು. ಬೇಡ ಅಂದರೆ ನೀನು ನಗುತ್ತೀಯ, ಅಲ್ವಾ?

ಲಡಾಖ್, ಮೇಘಾಲಯ ಅಂತ ಪಟ್ಟಿ ಕಳಿಸಿದ್ದೀಯ. ಹೋಗು, ಕಣ್ತುಂಬ ನೋಡಿ ಬಾ. ಆದರೆ ಅದರಿಂದ ದುಡ್ಡು ಹುಟ್ಟುತ್ತದೆ ಅಂದುಕೊಳ್ಳಬೇಡ. ಅಲ್ಲಿನ ಫೋಟೋ ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಯ ಟೆಂಟಿನ ಹಿಂದೆ, ಆಟ ಶುರುವಾಗುವ ಮೊದಲು ಒಡೆದ ಕನ್ನಡಿ ಮುಂದೆ ಕೂತು ಬಣ್ಣ ಹಚ್ಚಿಕೊಳ್ಳುವ ನಟಿಯ ಫೋಟೋ ಎಷ್ಟು ಜನರ ಹತ್ತಿರ ಇದೆ? ಆಕೆ ಯಾವ ಊರಿನವಳು, ಜಾತ್ರೆ ಮುಗಿದ ಮೇಲೆ ಕಂಪನಿ ಎಲ್ಲಿಗೆ ಹೋಗುತ್ತದೆ ಅನ್ನೋ ಮಾತಿನ ಸಮೇತ?

ಇದರಲ್ಲಿ ಒಂದು ಲೆಕ್ಕಾಚಾರ ಇದೆ. ತೇರು ಬನದ ಹುಣ್ಣಿಮೆಗೆ. ಆ ವಾರದ ಪುರವಣಿ ಅದಕ್ಕೂ ಮೊದಲೇ ತಯಾರಾಗಿರುತ್ತದೆ. ಅಂದರೆ ಈ ಸಲ ತೆಗೆದದ್ದು ಮಾರಾಟವಾಗುವುದು ಮುಂದಿನ ವರ್ಷ. ಅದಕ್ಕೇ ಹೇಳುವುದು, ಒಂದೇ ಜಾತ್ರೆಗೆ ಮತ್ತೆ ಹೋಗು. ಎರಡನೇ ಸಲ ಜನ ಗುರುತು ಹಿಡಿಯುತ್ತಾರೆ, ಚಹಾ ಕೊಡುತ್ತಾರೆ, ಕ್ಯಾಮೆರಾ ಮರೆಯುತ್ತಾರೆ. ಒಳ್ಳೆಯ ಫೋಟೋ ಅಲ್ಲಿಂದ ಶುರು.

ಇಳಕಲ್‌ನಲ್ಲೂ ಹಾಗೇ ಮಾಡು. ಸೀರೆ ಮಡಿಸಿಟ್ಟು ತೆಗೆದರೆ ಅದು ಅಂಗಡಿಯ ಕ್ಯಾಟಲಾಗ್ ಅಷ್ಟೇ. ಸೀರೆಯ ಒಡಲಿನ ಉದ್ದ ಎಳೆಗಳಿಗೆ ಸೆರಗಿನ ಉದ್ದ ಎಳೆಗಳನ್ನು ಕುಣಿಕೆ ಹಾಕಿ ಜೋಡಿಸುತ್ತಾರಲ್ಲ, ಕೊಂಡಿ ಅನ್ನುತ್ತಾರೆ, ಆ ಬೆರಳುಗಳ ಹತ್ತಿರ ಕೂತುಕೋ. ಎಷ್ಟು ಹೊತ್ತು ಹಿಡಿಯಿತು, ಕೂಲಿ ಎಷ್ಟು, ಮಗ್ಗ ಯಾರದು, ಎಲ್ಲ ಅಲ್ಲೇ ನೋಟ್‌ಬುಕ್ಕಿನಲ್ಲಿ ಬರೆದುಕೋ. ಆ ಪುಟಗಳಿದ್ದರೆ ಒಂದೇ ಪ್ರಯಾಣದಿಂದ ಪುರವಣಿಗೆ ಲೇಖನ, ಇನ್ನೊಂದು ಪತ್ರಿಕೆಗೆ ಬೇರೆಯದೇ ಬರಹ, ಕ್ಯಾಲೆಂಡರಿಗೆ ನಾಲ್ಕು ಫೋಟೋ ಹೊರಡುತ್ತವೆ. ಬರೀ ಫೋಟೋ ತೆಗೆಯುವವರು, ಬರೀ ಬರೆಯುವವರು ಬೇಕಾದಷ್ಟಿದ್ದಾರೆ. ಎರಡೂ ಬರುವವನಿಗೆ ಒಂದು ರೊಟ್ಟಿ ಜಾಸ್ತಿ.

ಈಗ ಹಕ್ಕಿನ ಮಾತು. ನೀನಾಗಿಯೇ ತೆಗೆದ ಫೋಟೋದ ಕಾಪಿರೈಟ್ ನಿನ್ನದು. ಆದರೆ ದುಡ್ಡು ಕೊಟ್ಟು ನಿನ್ನಿಂದ ತೆಗೆಸಿದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಅದು ತೆಗೆಸಿದವರದು. 1957ರ ಕಾಪಿರೈಟ್ ಕಾಯ್ದೆಯಲ್ಲೇ ಹಾಗಿದೆ. ಹಾಗಾಗಿ ರೆಸಾರ್ಟಿನವರು ಕರೆದರೆ, ಫೋಟೋ ಎಲ್ಲಿ ಬಳಸುತ್ತಾರೆ, ಎಷ್ಟು ವರ್ಷ, ನೀನೂ ಬಳಸಬಹುದೇ ಅಂತ ಒಂದು ಇಮೇಲ್‌ನಲ್ಲಾದರೂ ಬರೆಸಿಕೋ. ಅಡ್ವಾನ್ಸ್ ಇಲ್ಲದೆ ಬಸ್ ಹತ್ತಬೇಡ. "ಹೆಸರು ಹಾಕುತ್ತೇವೆ" ಅನ್ನುವವರು ಸಿಗುತ್ತಾರೆ. ಹೆಸರು ತೋರಿಸಿದರೆ ಕಿರಾಣಿ ಅಂಗಡಿಯವನು ಜೋಳ ಕೊಡುವುದಿಲ್ಲ.

ಪಟ್ಟದಕಲ್ಲು, ಬಾದಾಮಿ ಗುಹೆ, ಗೋಳಗುಮ್ಮಟಕ್ಕೆ ಹೋದರೆ ಟ್ರೈಪಾಡ್, ಡ್ರೋನ್‌ಗೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ತೆಗೆದುಕೋ. ಗೇಟಿನಲ್ಲಿ ಜಗಳವಾಡಿ ಉಪಯೋಗವಿಲ್ಲ. ಬಾದಾಮಿಯಲ್ಲಿ ಸಂಜೆ ಬಿಸಿಲು ಭೂತನಾಥ ಗುಡಿ ಮೇಲೆ ಬೀಳುವಾಗ ಕ್ಯಾಮೆರಾದವರೆಲ್ಲ ಅಲ್ಲೇ ನಿಂತಿರುತ್ತಾರೆ. ನೀನೂ ಒಂದು ತೆಗಿ, ತಪ್ಪೇನಿಲ್ಲ. ಆಮೇಲೆ ಬೆಳಿಗ್ಗೆ ಎದ್ದು ಅಗಸ್ತ್ಯ ತೀರ್ಥದ ಮೆಟ್ಟಿಲಿಗೆ ಹೋಗು. ಬಟ್ಟೆ ಒಗೆಯುವ ಹೆಣ್ಣುಮಕ್ಕಳನ್ನು ಕೇಳದೆ ಮಾತ್ರ ತೆಗೆಯಬೇಡ.

ಮದುವೆ ಸೀಸನ್ ಬಿಡಬೇಡ. ಅದು ಕೀಳು ಕೆಲಸ ಅಂತ ನಿನ್ನ ಗೆಳೆಯರು ಹೇಳಬಹುದು. ಮನೆ ಬಾಡಿಗೆ ಅವರು ಕಟ್ಟುತ್ತಾರೇನು? ಹೊಸ ಲೆನ್ಸ್ ಸಾಲದಲ್ಲಿ ಕೊಳ್ಳಬೇಡ, ಬೇಕಾದಾಗ ಬಾಡಿಗೆಗೆ ಸಿಗುತ್ತದೆ.

ಅವ್ವನಿಗೆ ಇವತ್ತೇ ಫೋನ್ ಮಾಡು. ಇಲ್ಲಿಗೆ ಬರುವಾಗ ಹಾರ್ಡ್ ಡಿಸ್ಕ್ ಎರಡು ತಾ, ಒಂದು ನನ್ನ ಕಪಾಟಿನಲ್ಲಿ ಇರಲಿ.

ನಿನ್ನ,
ಮಾಮಾ