ಸಿಡ್ನಿ ಸುತ್ತಿ ಬಂದ ಮಗಳಿಗೆ

ಮಗಾ,

ಸಿಡ್ನಿಗೆ ಹೋಗಿದ್ದನ್ನ ವಾಪಸ್ ಕ್ಯಾನ್‌ಬೆರಾ ಮುಟ್ಟಿದ ಮೇಲೆ ಹೇಳಿದ್ಯಲ್ಲ, ಅದಕ್ಕೆ ನಂಗೆ ಸಿಟ್ಟಿಲ್ಲ. ಬೇಜಾರಾಗಿದ್ದು ಯಾಕೆ ಅಂದ್ರೆ ನೀನು ಫೋನ್ ಮಾಡಿದವಳೇ "ಜಾಸ್ತಿ ಖರ್ಚಾಗಿಲ್ಲ ಅಮ್ಮ, ಬಸ್ಸಲ್ಲೇ ಹೋದ್ವಿ, ನಾಲ್ಕೂ ಜನ ಒಂದೇ ರೂಮಲ್ಲಿ ಮಲಗಿದ್ವಿ, ಬ್ರೆಡ್ ನಾವೇ ತಗೊಂಡ್ ಹೋಗಿದ್ವಿ" ಅಂತ ಒಂದೇ ಉಸಿರಲ್ಲಿ ಲೆಕ್ಕ ಒಪ್ಪಿಸಿದ್ದು. ನಾನು ಕೇಳೋಕೆ ಮುಂಚೇನೇ ಒಪ್ಪಿಸಿದ್ಯಲ್ಲ, ಅದು. ಆಮೇಲೆ ಅಜ್ಜಿ ಫೋನ್ ಇಸ್ಕೊಂಡ್ರು, ಅಪ್ಪ ಇಸ್ಕೊಂಡ್ರು, ನಂಗೆ ಸರಿಯಾಗಿ ಮಾತಾಡೋಕೇ ಆಗ್ಲಿಲ್ಲ, ಅದಕ್ಕೆ ಬರೀತಿದ್ದೀನಿ, ಉದ್ದ ಆದ್ರೂ ಪೂರ್ತಿ ಓದು.

ಸಾಲ ಇದೆ, ನಿಜ. ಆದ್ರೆ ಅದನ್ನ ತಲೆ ಮೇಲೆ ಹೊತ್ಕೊಂಡು ಓಡಾಡು ಅಂತ ನಿಂಗೆ ಯಾರೂ ಹೇಳಿಲ್ಲ. ಕ್ಲಾಸ್ ನಡೀವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ ಕೆಲಸ ಮಾಡ್ಬಹುದು, ರಜದಲ್ಲಿ ಆ ಲಿಮಿಟ್ ಇಲ್ಲ, ಹಾಗಾಗಿ ಈ ಏಪ್ರಿಲ್ ರಜ ಪೂರ್ತಿ ಕೆಫೆಯಲ್ಲೇ ನಿಂತಿದ್ರೆ ಎಷ್ಟು ದುಡ್ಡಾಗ್ತಿತ್ತು ಅಂತ ನಿನ್ನ ತಲೇಲಿ ಓಡ್ತಾನೇ ಇರತ್ತೆ, ಗೊತ್ತು ನಂಗೆ. ನಿನ್ನನ್ನ ಅಷ್ಟು ದೂರ ಕಳಿಸಿದ್ದು ಒಂದು ಸರ್ಟಿಫಿಕೇಟಿಗೆ ಮಾತ್ರ ಅಲ್ಲ ಮಗಾ. ಒಬ್ಳು ನೇಪಾಳದವಳು, ಒಬ್ಳು ವಿಯೆಟ್ನಾಮಿನವಳು, ಒಬ್ಳು ತ್ರಿಶೂರಿನವಳು, ಅವರ ಜೊತೆ ಗೊತ್ತಿಲ್ಲದ ಊರಲ್ಲಿ ದಾರಿ ಹುಡುಕ್ಕೊಂಡು ಸುತ್ತೋದು ಇದ್ಯಲ್ಲ, ನಿನ್ನ ವಯಸ್ಸಲ್ಲಿ ನಂಗೆ ಅದು ಸಿಕ್ಕಿರ್ಲಿಲ್ಲ, ಡಿಗ್ರಿ ಮುಗಿಯೋ ತನಕ ನಾನು ಕುಂದಾಪುರ ಉಡುಪಿ ದಾಟಿದ್ದೇ ಅಪರೂಪ. ಹಾಗಾಗಿ ನಿನ್ನ ಫೋಟೋ ಒಂದೊಂದನ್ನೂ ದೊಡ್ಡದು ಮಾಡಿ ನೋಡಿದ್ದೀನಿ. ಸ್ಕೂಲಿಗೂ ರಜ ಇತ್ತಲ್ಲ, ಯಾವ ಜಾಗ ಏನು ಕಥೆ ಅಂತ ಓದ್ತಾನೂ ಕೂತೆ.

ಆಪೆರಾ ಹೌಸ್ ಎದುರು ನೀವು ನಾಲ್ಕೂ ಜನ ನಿಂತಿರೋದು ಚೆನ್ನಾಗಿ ಬಂದಿದೆ. ಆದ್ರೆ ಹತ್ರದಿಂದ ತೆಗೆದ ಫೋಟೋ ಇದ್ಯಲ್ಲ, ಬರೀ ಟೈಲ್ಸ್ ಕಾಣೋದು, ನಂಗೆ ಅದೇ ಇಷ್ಟ ಆಯ್ತು. ದೂರದಿಂದ ಒಂದೇ ಬಿಳಿ ಅನ್ಸೋದು, ಹತ್ರ ಹೋದ್ರೆ ಕೆಲವು ಹೊಳೆಯೋ ಬಿಳಿ, ಕೆಲವು ಕೆನೆ ಬಣ್ಣ. ಹತ್ತು ಲಕ್ಷಕ್ಕಿಂತ ಜಾಸ್ತಿ ಟೈಲ್ಸ್ ಇದ್ಯಂತೆ, ಸ್ವೀಡನ್‌ನಿಂದ ತರಿಸಿದ್ದು. ಅದನ್ನ ಡಿಸೈನ್ ಮಾಡಿದವನು ಯೋರ್ನ್ ಉಟ್ಸೋನ್ ಅಂತ ಡೆನ್ಮಾರ್ಕಿನವನು, 1957ರಲ್ಲಿ ಸ್ಪರ್ಧೆಯಲ್ಲಿ ಗೆದ್ದ, ಆಗ 70 ಲಕ್ಷ ಡಾಲರ್ ಸಾಕು ಅಂದ್ಕೊಂಡಿದ್ರು, ಕಟ್ಟಿ ಮುಗಿಸೋ ಹೊತ್ತಿಗೆ 10 ಕೋಟಿ ದಾಟಿತ್ತು, ದುಡ್ಡು ಎತ್ತೋಕೆ ಅಂತಾನೇ ಸರ್ಕಾರ ಲಾಟರಿ ನಡೆಸ್ತು. ನಡುವೆ ಸರ್ಕಾರಕ್ಕೂ ಅವನಿಗೂ ಜಗಳ ಆಗಿ 1966ರಲ್ಲಿ ಬಿಟ್ಟು ಹೊರಟೋದ. 1973ರಲ್ಲಿ ಓಪನ್ ಆಯ್ತು, 2008ರಲ್ಲಿ ಅವನು ತೀರ್ಕೊಂಡ, ಅಷ್ಟು ವರ್ಷ ಬದುಕಿದ್ರೂ ಕಟ್ಟಿ ಮುಗಿದ ಮೇಲೆ ಒಂದ್ಸಲನೂ ಬಂದು ತಾನು ಮಾಡಿದ್ದನ್ನ ಕಣ್ಣಾರೆ ನೋಡ್ಲೇ ಇಲ್ಲ. ಇದನ್ನ ಓದಿ ನಂಗೆ ಆವತ್ತೆಲ್ಲ ಮನಸ್ಸು ಸರಿ ಇರ್ಲಿಲ್ಲ. ನೀನು ಆ ಮೆಟ್ಟಿಲ ಮೇಲೆ ಕೂತು ಬ್ರೆಡ್ ತಿಂದು ಬಂದಿದ್ಯಾ, ಕಟ್ಟಿದವನಿಗೇ ಅದು ಸಿಗ್ಲಿಲ್ಲ.

ಅಪ್ಪಂಗೆ ಮಾತ್ರ ಇಷ್ಟ ಆಗಿದ್ದು ಹಾರ್ಬರ್ ಬ್ರಿಜ್. ವೆಲ್ಡಿಂಗ್ ಶಾಪಲ್ಲಿ ಬಂದೋರಿಗೆಲ್ಲ ಫೋಟೋ ತೋರಿಸಿ ಆಗಿದೆ. 1932ರ ಬ್ರಿಜ್ ಅದು, ವೆಲ್ಡಿಂಗಿನಿಂದ ಜೋಡಿಸಿದ್ದಲ್ಲ, ಪೂರ್ತಿ ರಿವೆಟ್, ಅಂದ್ರೆ ಕಾಯಿಸಿ ಬಡಿದು ಕೂರಿಸೋ ದಪ್ಪ ಮೊಳೆ, ಸುಮಾರು 60 ಲಕ್ಷ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದ ರಿವೆಟ್ಟನ್ನ ಒಬ್ಬ ಎಸೀತಿದ್ದ, ಇನ್ನೊಬ್ಬ ಅಷ್ಟು ಎತ್ತರದಲ್ಲಿ ನಿಂತು ಬಕೆಟಲ್ಲಿ ಹಿಡೀತಿದ್ದ. ಎರಡೂ ದಡದಿಂದ ಕಮಾನನ್ನ ಕೇಬಲ್ಲಲ್ಲಿ ಎಳೆದು ಹಿಡ್ಕೊಂಡು ಕಟ್ಕೊಂಡು ಬಂದು ನಡುವೆ ಸೇರಿಸಿದ್ರಂತೆ. 16 ಜನ ಕೆಲಸಗಾರರು ಸತ್ತಿದ್ದಾರೆ. ದುಡ್ಡು ಕೊಟ್ಟು ಕಮಾನಿನ ಮೇಲೆ ಹತ್ತೋದು ಬೇಡ ಅಂತ ನೀವು ಪಕ್ಕದ ಫುಟ್‌ಪಾತಲ್ಲೇ ಈ ದಡದಿಂದ ಆ ದಡಕ್ಕೆ ನಡೆದ್ರಿ ಅಂದ್ಯಲ್ಲ, ಅದೇ ಸರಿ, ನಡೀವಾಗ ರಿವೆಟ್ ಕೈಯಲ್ಲಿ ಮುಟ್ಟಿ ನೋಡಿದ್ಳಾ ಕೇಳು ಅಂತ ಅಪ್ಪ ಇಲ್ಲಿ ಪ್ರಾಣ ತಿಂತಿದ್ದಾರೆ.

ನೀರಿನ ದಡದ ಬ್ಯಾರಂಗರೂ ಅನ್ನೋ ಜಾಗದಲ್ಲಿ ಸಂಜೆ ಸೆಲ್ಫಿ ತಗೊಂಡು ಬಂದ್ರಿ. ಆ ಹೆಸರು ಒಬ್ಬ ಹೆಂಗಸಿಂದು, ಗೊತ್ತಾ? ಬ್ರಿಟಿಷರು 1788ರಲ್ಲಿ ಬಂದು ಇಳಿದಾಗ ಅಲ್ಲಿದ್ದ ಕ್ಯಾಮರೇಗಲ್ ಜನದವಳು, ಮೀನು ಹಿಡಿಯೋ ಹೆಂಗಸು. ಆಪೆರಾ ಹೌಸ್ ಇರೋ ಜಾಗಕ್ಕೆ ಬೆನ್ನೆಲಾಂಗ್ ಪಾಯಿಂಟ್ ಅಂತಾರಲ್ಲ, ಆ ಬೆನ್ನೆಲಾಂಗ್ ಅವಳ ಗಂಡ. ಅಲ್ಲಿ ಗಂಡಸರು ಈಟಿಯಲ್ಲಿ ಮೀನು ಚುಚ್ಚೋದು, ದೋಣಿ ತಗೊಂಡು ಗಾಳ ಹಾಕೋದೆಲ್ಲ ಹೆಂಗಸರು. ಮರದ ತೊಗಟೆಯ ಸಣ್ಣ ದೋಣಿ, ಅದರಲ್ಲೇ ಜೇಡಿಮಣ್ಣು ಹರಡಿ ಸಣ್ಣ ಬೆಂಕಿ, ಚಿಪ್ಪು ತೇದು ಮಾಡಿದ ಗಾಳ, ಹಿಡಿದ ಮೀನು ಅಲ್ಲೇ ಸುಟ್ಟು ಮಕ್ಕಳಿಗೆ ಕೊಡೋರು. ನಮ್ಮಲ್ಲಿ ಹೆಂಗಸರು ಬುಟ್ಟಿ ಹೊತ್ತು ಮಾರ್ತಾರೆ, ಕಡಲಿಗೆ ಹೋಗೋದು ಗಂಡಸರೇ, ಹಾಗಾಗಿ ನಂಗೆ ಇದು ಹೊಸದು. ಸ್ಕೂಲು ಶುರುವಾದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗೀರಿಗೆ ಹೇಳ್ಬೇಕು ಅಂತಿದ್ದೀನಿ, ನೀನು ಇನ್ನೊಂದ್ಸಲ ಹೋದ್ರೆ ಆ ದಡದ ಬಂಡೆಗಳದ್ದು ಒಂದು ಒಳ್ಳೆ ಫೋಟೋ ಕಳಿಸು, ನಿಮ್ಮ ಮುಖ ಬೇಡ.

ಮ್ಯಾನ್ಲಿಗೆ ಫೆರ್ರಿಯಲ್ಲಿ ಹೋದ್ರಲ್ಲ, ಅರ್ಧ ಗಂಟೆ ಆರಾಮಾಗಿದ್ದು ನಡುವೆ ಒಂದು ಕಡೆ ದೋಣಿ ಸಿಕ್ಕಾಪಟ್ಟೆ ಎದ್ದು ಬಿದ್ದು ಮಾಡ್ತು, ತ್ರಿಶೂರಿನವಳು ಕಣ್ಣು ಮುಚ್ಕೊಂಡ್ಳು ಅಂದೆ. ಅದು ಅವರ ಅಳಿವೆ. ನಮ್ಮ ಗಂಗೊಳ್ಳಿ ಅಳಿವೆ ಹೇಗೋ ಹಾಗೆ, ಒಳಗೆ ನೀರು ಸುಮ್ನೆ ಮಲಗಿರತ್ತೆ, ಬಾಯಿ ಹತ್ರ ಬಂದ ಕೂಡ್ಲೇ ದೊಡ್ಡ ಕಡಲಿನ ತೆರೆ ನೇರ ಒಳಗೆ ನುಗ್ಗತ್ತೆ. ಅಲ್ಲಿ ಎರಡು ಕಡೆ ಎತ್ತರದ ಬಂಡೆ, ನಡುವಿನ ಬಾಯಿಂದ ಪೆಸಿಫಿಕ್ ಒಳಗೆ ಬರೋದು. ಅಷ್ಟು ದೊಡ್ಡ ಫೆರ್ರಿಗೇನೂ ಆಗಲ್ಲ ಅಂತ ಅವಳಿಗೆ ಹೇಳು.

ಈಗ ಬೋಂಡೈ ಬೀಚಿನ ವಿಷಯ. ಫೋಟೋದಲ್ಲಿ ನೀವು ಮೊಣಕಾಲು ಮಟ್ಟ ನೀರಲ್ಲಿದ್ದೀರಿ, ಹಿಂದೆ ಎಲ್ಲೂ ಬಾವುಟ ಕಾಣಲ್ಲ. ಇದನ್ನ ಗಮನ ಇಟ್ಟು ಓದು ಮಗಾ. ಅಲ್ಲಿ ಕೆಂಪು ಹಳದಿ ಬಾವುಟ ಎರಡು ನೆಟ್ಟಿರ್ತಾರೆ, ಲೈಫ್‌ಗಾರ್ಡ್‌ಗಳು ಕಣ್ಣಿಟ್ಟಿರೋದು ಅವೆರಡರ ನಡುವೆ, ನೀರಿಗಿಳಿಯೋದಾದ್ರೆ ಅಲ್ಲೇ ಇಳೀಬೇಕು, ರಶ್ ಇದೆ ಅಂತ ಪಕ್ಕಕ್ಕೆ ಹೋಗ್ಬಾರ್ದು. ಬೋಂಡೈನ ದಕ್ಷಿಣದ ತುದಿಯಲ್ಲಿ ಸೆಳೆತ ಜಾಸ್ತಿ, ಹೊಸಬರು ಬಸ್ ಇಳಿದು ನೇರ ಅಲ್ಲೇ ನೀರಿಗಿಳೀತಾರೆ ಅಂತ ಆ ಸೆಳೆತಕ್ಕೆ ಬ್ಯಾಕ್‌ಪ್ಯಾಕರ್ಸ್ ರಿಪ್ ಅಂತಾನೇ ಹೆಸರು. ತೆರೆ ಒಡೆಯೋ ಕಡೆ ಎಲ್ರೂ ಹೆದರ್ತಾರೆ, ನಡುವೆ ಒಂದು ಪಟ್ಟಿ ತೆರೆ ಇಲ್ದೆ ಗಾಢ ಬಣ್ಣದಲ್ಲಿ ಸುಮ್ನೆ ಇದ್ರೆ ಇದು ಒಳ್ಳೆ ಜಾಗ ಅಂದ್ಕೋತಾರೆ, ಆದ್ರೆ ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗೋ ದಾರಿ ಅದೇ. ಮರವಂತೆಯಲ್ಲಿ ಬೆಂಗಳೂರಿನಿಂದ ಬಂದ ಹುಡುಗರು ಕೊಚ್ಚಿ ಹೋಗೋದು ಹೀಗೇ, ನೀನು ಚಿಕ್ಕವಳಿದ್ದಾಗಿಂದ ಕೇಳ್ಕೊಂಡು ಬೆಳೆದವಳು, ಆದ್ರೆ ನಿನ್ನ ಜೊತೆಗಿದ್ದವರಿಗೆ ಕಡಲು ಗೊತ್ತಿಲ್ಲ, ಅವರು ನಿನ್ನ ಕಾಲು ನೋಡಿ ಕಾಲಿಡ್ತಾರೆ. ಅಕಸ್ಮಾತ್ ಎಳೆದ್ರೆ ಎದುರಿಗೆ ಈಜಿ ಗುದ್ದಾಡಬಾರ್ದು, ಸುಸ್ತಾಗೋದೇ ಅಪಾಯ, ಅಂಗಾತ ತೇಲಿ ಕೈ ಎತ್ತಿ ಕರೀಬೇಕು, ಶಕ್ತಿ ಇದ್ರೆ ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ತೆರೆ ಒಡೆಯೋ ಕಡೆ ಬರ್ಬೇಕು. ಬೋಂಡೈಯಿಂದ ಕೂಜಿ ಬೀಚ್ ತನಕ ಬಂಡೆ ಮೇಲಿನ 6 ಕಿಲೋಮೀಟರ್ ದಾರಿ ನಡೆದ್ರಲ್ಲ, ಅದನ್ನ ಎಷ್ಟು ಸಲ ಬೇಕಾದ್ರೂ ನಡಿ, ಆದ್ರೆ ಫೋಟೋಗೆ ಅಂತ ಬೇಲಿ ದಾಟ್ಬೇಡ.

ಊಟದ ವಿಷಯ, ಹ್ಯಾರಿಸ್ ಪಾರ್ಕ್ ತನಕ ಟ್ರೇನಲ್ಲಿ ಹೋಗಿ ದೋಸೆ ತಿಂದ್ರಿ, ಸಂತೋಷ. ಮುಂದಿನ ಸಲ ಫಿಶ್ ಮಾರ್ಕೆಟ್ಟಿಗೂ ಹೋಗಿ, ಕರಾವಳಿ ಹುಡುಗಿ ಅಷ್ಟು ದೂರ ಹೋಗಿ ಅಲ್ಲಿನ ಮೀನು ತಿನ್ನದೆ ಬಂದ್ಳು ಅಂತ ಅಜ್ಜಿಗೆ ಬೇಜಾರು. ಶುಕ್ರವಾರದಿಂದ ಭಾನುವಾರ ತನಕ ಅಲ್ಲಿ ಬಸ್ಸು ಟ್ರೇನು ಫೆರ್ರಿ ಎಲ್ಲ ಸೇರಿ ದಿನದ ಟಿಕೆಟ್ ಖರ್ಚಿಗೆ ಇಂತಿಷ್ಟೇ ಅಂತ ಕಮ್ಮಿ ಮಿತಿ ಇದ್ಯಂತೆ, ಆ ದಿನ ನೋಡ್ಕೊಂಡು ಹೋಗಿ. ಖರ್ಚಿನ ಲೆಕ್ಕ ನಂಗೆ ಒಪ್ಪಿಸ್ಬೇಡ, ಹೊರಡೋ ಮುಂಚೆ ಹೊರಟೆ ಅಂತ ಒಂದು ಮೆಸೇಜ್ ಹಾಕು, ರಾತ್ರಿ ರೂಮಿಗೆ ಬಂದ ಮೇಲೆ ಇನ್ನೊಂದು. ನಾವು ನಾಲ್ಕೂವರೆ ಗಂಟೆ ಹಿಂದೆ ಇರೋದ್ರಿಂದ ನಿಂಗೆ ನಡುರಾತ್ರಿ ಆದ್ರೂ ನಾನು ಎಚ್ಚರ ಇರ್ತೀನಿ.

ಇನ್ನೊಂದು, ನೇಪಾಳದ ಹುಡುಗಿಗೆ ಈಜು ಬರಲ್ಲ ಅಂದ್ಯಲ್ಲ, ಕಡಲನ್ನೇ ಮೊದಲ ಸಲ ನೋಡಿದ್ದು ಅಂದೆ. ಮುಂದಿನ ರಜದಲ್ಲಿ ಹೇಗೂ ಮತ್ತೆ ಹೋಗ್ತೀರಿ. ಅಷ್ಟರೊಳಗೆ ಅಲ್ಲೇ ಕ್ಯಾನ್‌ಬೆರಾದ ಯಾವುದಾದ್ರೂ ಈಜುಕೊಳದಲ್ಲಿ ಅವಳನ್ನ ಕ್ಲಾಸಿಗೆ ಸೇರಿಸು, ಒಬ್ಳೇ ಹೋಗೋಕೆ ನಾಚ್ಕೋತಾಳೆ, ನೀನೂ ಜೊತೆಗೆ ಹೋಗು. ಇಬ್ಬರ ಫೀಸೂ ನಾನೇ ಹಾಕ್ತೀನಿ, ಎಷ್ಟು ಅಂತ ಕೇಳಿ ತಿಳಿಸು.

ಅಮ್ಮ