ವಿಷಯ: ಗೋಡೆಯ ಅಳತೆಗೆ ಕೂರದ ಕಿಟಕಿಯ ಬಗ್ಗೆ ಕೊನೆಯ ದೂರು

ಗೆ,
ವ್ಯವಸ್ಥಾಪಕರು, ಯುಪಿವಿಸಿ ಕಿಟಕಿ ವಿಭಾಗ, ಮಂಗಳೂರು

ಮಾನ್ಯರೇ,

ಫೋನಿನಲ್ಲಿ ಸಮಾಧಾನದಿಂದ ಹೇಳುವಷ್ಟು ಹೇಳಿಯಾಯಿತು. ಇನ್ನು ಬರೆದೇ ಕೊಡುತ್ತೇನೆ.

ಬದಿಯಡ್ಕ ಹತ್ತಿರದ ನಮ್ಮ ಮನೆ ಅಪ್ಪನ ಕಾಲದ್ದು, ಮುರಕಲ್ಲಿನ ಗೋಡೆ. ಪಡು ಬದಿಯ ಕಿಟಕಿಯ ದಾರಂದ, ಅಂದರೆ ಮರದ ಚೌಕಟ್ಟು, ಕುಂಬಾದ್ದರಿಂದ ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿಗೆ ನಿಮಗೆ ಆರ್ಡರ್ ಕೊಟ್ಟೆ. ಹಳೆ ದಾರಂದ ಕೀಳುವುದಾದರೆ ಅಳತೆ ಗೋಡೆಯಿಂದ ಗೋಡೆಗೆ, ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಮೂಲೆಯಿಂದ ಮೂಲೆಗೂ ಒಮ್ಮೆ ಎಂದು ನಿಮ್ಮದೇ ಫಾರಮಿನ ಹಿಂಬದಿಯಲ್ಲಿದೆ. ನಿಮಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ಹುಡುಗ ದಾರಂದದ ಒಳಗೆ ಒಂದು ಸಲ ಟೇಪ್ ಹಿಡಿದು, ಅಂಗೈಯಲ್ಲಿ ಬರೆದುಕೊಂಡು ಹೋದ. ಫಿಟ್ಟಿಂಗಿಗೆ ಬಂದವರು ಆ ದಾರಂದವನ್ನೇ ಕಿತ್ತರು. ಮೂರಿಂಚಿನ ಮರ ಹೋದ ಮೇಲೆ ಎಡಬಲಕ್ಕೆ ಮೂರು ಮೂರಿಂಚು ಸಂದು, ಮೇಲೆ ಕೆಳಗಿನದ್ದೂ ಸೇರಿ ಆರಿಂಚು. ಥರ್ಮಾಕೋಲ್ ತುರುಕಿ, ಫೋಮ್ ಹೊಡೆದು, ಸಿಲಿಕೋನ್ ಬಳಿದರು. ಫೋಮ್ ಬಿಸಿಲಿಗೆ ಹಳದಿಯಾಗಿ ಪುಡಿಪುಡಿ ಉದುರುತ್ತಿದೆ. ಪಡುಗಾಳಿಯ ಮಳೆ ಬಂದರೆ ಹಾಸಿಗೆ ಚಂಡಿ. ಇರುವೆಗಳಿಗೆ ಮಾತ್ರ ನಿಮ್ಮ ಕೆಲಸ ಬಹಳ ಹಿಡಿಸಿದೆ.

ಆಮೇಲೆ ನಿಮ್ಮ ಸೂಪರ್‌ವೈಸರ್ ಬಂದರು. ಚಾವಡಿಯಲ್ಲಿ ಬೀಗರು ಕೂತಿದ್ದರು. ಚಾ ಕೊಟ್ಟೆವು. ಸಕ್ಕರೆ ಕಮ್ಮಿ ಎಂದರು, ಹಾಕಿಸಿದೆವು. ಟೇಪಿನ ತುದಿ ನನ್ನ ಕೈಗೆ ಕೊಟ್ಟು "ಗಟ್ಟಿ ಹಿಡೀರಿ ಮಾಷ್ಟ್ರೇ" ಎಂದರು. ಹಿಡಿದೆ.

"ನಿಮ್ಮ ಗೋಡೆ ದೊಡ್ಡ ಆಯ್ತಲ್ಲ?"

ಗೋಡೆ ಬೆಳೆಯುವುದಿಲ್ಲ ಎಂದೆ.

"ನಮ್ಮ ಕಿಟಕಿ ಆರ್ಡರಿನ ಅಳತೆಗೆ ಸರಿ ಉಂಟು."

ಆ ಅಳತೆ ನಿಮ್ಮ ಹುಡುಗನದ್ದೇ ಎಂದೆ. ಅವರು ಬೀಗರ ಕಡೆ ತಿರುಗಿ ನಕ್ಕು, "ಮಾಷ್ಟ್ರಿಗೆ ಇಂಚಿನ ಲೆಕ್ಕ ಗೊತ್ತಿಲ್ಲ ಕಾಣ್ತದೆ" ಎಂದರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿಯೇ ಪೆನ್ಶನ್ ಆದವನು ನಾನು. ಬೀಗರ ಮಗ ನನ್ನದೇ ವಿದ್ಯಾರ್ಥಿ. ಬೀಗರು ಮಾಡಿನ ಹಂಚು ನೋಡುತ್ತಾ ಕೂತರು. ಫೋಮ್ ಉದುರಿದ ಸಂದಿಗೆ ಕೈ ಹಾಕಿ ಆಡಿಸಿದ ನಿಮ್ಮವರು "ಗಾಳಿ ಒಳ್ಳೆದು ಬರ್ತದೆ" ಎಂದು ಚೀಲ ಎತ್ತಿಕೊಂಡರು. ಈ ಗಾಳಿಗೆ ಬಿಲ್ಲಿನಲ್ಲಿ ಬೇರೆ ದರ ಹಾಕದ್ದಕ್ಕೆ ಉಪಕಾರ.

ಗೋಡೆಯ ಅಳತೆಗೆ ಹೊಸ ಕಿಟಕಿ ಮಾಡಿಕೊಡಿ, ಇಲ್ಲವೇ ಹಣ ವಾಪಸು ಕೊಡಿ. ಕಲ್ಲು ಕಟ್ಟಿ ಗೋಡೆಯನ್ನು ಕಿರಿದು ಮಾಡಿಸಿ ಎಂಬ ಉಪದೇಶ ಇನ್ನೊಮ್ಮೆ ಬೇಡ.

ಕೇರಳದಿಂದ ತಲಪಾಡಿಯ ಗಡಿ ದಾಟಿ ಕೇಸು ಹಾಕಲು ಯಾರು ಬರುತ್ತಾರೆ ಎಂಬ ಧೈರ್ಯವಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಓದಿ. ದೂರುದಾರ ವಾಸವಿರುವಲ್ಲೇ ದೂರು ಕೊಡಬಹುದು. ಕಾಸರಗೋಡಿನ ಗ್ರಾಹಕ ಆಯೋಗಕ್ಕೆ ಬರಬೇಕಾದವರು ನೀವು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಕೀಲರನ್ನೂ ಇಡುವುದಿಲ್ಲ, ನಾನೇ ವಾದಿಸುತ್ತೇನೆ. ನನಗೆ ಪುರುಸೊತ್ತು ಬೇಕಾದಷ್ಟುಂಟು. ಸೂಪರ್‌ವೈಸರ್ ಪ್ರತಿ ವಾಯಿದೆಗೂ ಬರಲಿ, ಟೇಪ್ ಮರೆಯದೆ ತರಲಿ.

ಇನ್ನೊಂದು. ಬಸ್ಸು ನಿಲ್ಲುವುದು ನಮ್ಮ ಗೇಟಿನೆದುರೇ, ಆ ಕಿಟಕಿ ರಸ್ತೆಗೆ ಕಾಣುತ್ತದೆ. ಮಾಡಿದವರು ಯಾರೆಂದು ಕನ್ನಡ, ಮಲಯಾಳ ಎರಡರಲ್ಲೂ ಅದರ ಕೆಳಗೆ ಬರೆಸುವವನಿದ್ದೇನೆ. ಪೇಂಟರಿಗೆ ಬರುವ ಸೋಮವಾರಕ್ಕೆ ಹೇಳಿ ಆಗಿದೆ.

ಇತಿ,
ನಿಮ್ಮ ಗ್ರಾಹಕ